ದಡಕ್ಕೆ ಮೂಗು ತಾಗಿಸುವ ಹಡಗು

ಕಳೆದ ತಿಂಗಳು ಮುಲುಂಡ್ ಚೆಕ್ ನಾಕಾದಲ್ಲಿ ಬಸ್ ಹತ್ತಿ ಐರೋಲಿಗೆ ಹೊರಟಿದ್ದೆ. ಸಮುದ್ರದ ನೀರು ಒಳನುಗ್ಗುವ ಖಾಡಿಯ ಸೇತುವೆಯ ನಡುವೆ ಟ್ರಾಫಿಕ್‌ನಲ್ಲಿ ಬಸ್ಸು ನಿಂತುಬಿಟ್ಟಿತು. ಕೆಳಗೆ ನೀರು ಇಳಿದಿತ್ತು. ಕಾಂಡ್ಲಾ ಗಿಡಗಳ ಬೇರು, ಅದರಾಚೆ ಹೊಳೆಯುವ ಕಪ್ಪು ಕೆಸರು. ಕಿಟಕಿಯಿಂದ ಅದರ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಮೂಗಿಗೆ ಓಢಣಿ ಹಿಡಿದಳು. ನಾನು ಕಿಟಕಿಯ ಹತ್ತಿರಕ್ಕೆ ಸರಿದೆ.

ನನ್ನ ಗಂಡ ಸುಧಾಕರ ಈ ಸೇತುವೆ ದಾಟುವಾಗೆಲ್ಲ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. "ಇಳ್ತ ಶುರುವಾಯಿ ಎರಡ್ ಗಂಟೆ ಆಯ್ತ್," ಎನ್ನುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ. ಈ ವಾಸನೆ ಬಂದರೆ ಅವರಿಗೆ ತಮ್ಮ ಹಡಗು ನೆನಪಾಗುತ್ತಿತ್ತು. ನನಗೀಗ ಅವರು ತೀರಿಕೊಂಡ ಆ ಏಪ್ರಿಲ್ ನೆನಪಾಯಿತು.

ನನ್ನ ಚೀಲದಲ್ಲಿ ಅವರ ನೋಟ್‌ಬುಕ್ ಇತ್ತು. ಮಗಳು ಅಶ್ವಿನಿ ಡೊಂಬಿವಲಿಯಿಂದ ಐರೋಲಿಯ ಹೊಸ ಫ್ಲ್ಯಾಟಿಗೆ ಬಂದಿದ್ದಾಳೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇವರು ಪೆನ್ಸಿಲಿನಲ್ಲಿ ಬಿಡಿಸಿದ ಹಡಗಿನ ಚಿತ್ರವಿದೆ. ಅದನ್ನು ಗೋಡೆಗೆ ಹಾಕುವ ಆಸೆ ಅವಳಿಗೆ. "ಫೋಟೋ ತೆಗೆದು ಕಳಿಸ್ತೇನೆ," ಎಂದೆ. "ನಹೀ ಮಮ್ಮಿ, ಪಪ್ಪಾ ಕಾ ಅಸಲಿ ವಾಲಾ ಚಾಹಿಯೇ, ಪೂರಾ ನೋಟ್‌ಬುಕ್," ಎಂದಳು. ಎರಡು ತಿಂಗಳು ನೆಪ ಹೇಳಿದೆ. ಆಮೇಲೆ ನೆಪಗಳು ಮುಗಿದವು.

ಚಿತ್ರ ಕೊಡಲು ನನಗೆ ಏನೂ ಅಡ್ಡಿಯಿರಲಿಲ್ಲ. ಅದೇ ನೋಟ್‌ಬುಕ್ಕಿನ ಕೊನೆಯಲ್ಲಿ ಎರಡು ಪುಟಗಳಿವೆ. ಅವು ಏನೆಂದು ಅವಳಿಗೆ ತಿಳಿದರೆ, ಇಷ್ಟು ವರ್ಷ ಅವಳು ಯಾವ ಮಾತನ್ನು ಹಿಡಿದುಕೊಂಡು ನಿಂತಿದ್ದಾಳೋ ಅದು ಹೋಗುತ್ತದೆ. ಆ ಪುಟಗಳನ್ನು ಹರಿದುಬಿಡೋಣವೆಂದು ಬೆಳಿಗ್ಗೆ ಎರಡು ಸಲ ಕೈ ಹಾಕಿದ್ದೆ. ಹರಿಯಲಾಗಲಿಲ್ಲ. ಬಸ್ಸು ಮತ್ತೆ ಹೊರಡುವವರೆಗೂ ಚೀಲದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ.

ಇವರ ಊರು ಗಂಗೊಳ್ಳಿಯ ಬದಿ. ಹತ್ತನೆಯ ತರಗತಿ ಮುಗಿಸಿ, ಮನೆಯವರ ಹಾಗೆ ದೋಣಿ ಹತ್ತದೆ ನೌಕಾಪಡೆಗೆ ಸೇರಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಹೆಚ್ಚಿನ ಕಾಲ ಒಂದೇ ಹಡಗಿನಲ್ಲಿದ್ದರು. ಅದು ದಡಕ್ಕೆ ಸೇನೆ ಇಳಿಸುವ ಹಡಗು. ಮದುವೆಯಾದ ಹೊಸದರಲ್ಲಿ, ಹಡಗೆಂದರೆ ಎಲ್ಲ ಒಂದೇ ಅಲ್ಲವಾ ಎಂದು ಕೇಳಿದ್ದಕ್ಕೆ ಅಡುಗೆಮನೆಯಿಂದ ಮೊರ ತಂದು ನೆಲದ ಮೇಲಿಟ್ಟರು.

"ಕಾಣ್, ಹೀಂಗೆ. ಅಡಿ ಚಪ್ಪಟೆ. ಬೇರೆ ಹಡ್ಗ್ ದಡ ಕಂಡ್ರೆ ಹೆದ್ರಿ ದೂರ ನಿಲ್ತ್. ಇದ್ ದಡಕ್ಕೆ ಹೋಯಿ ಮೂಗ್ ತಾಗ್ಸುಕೇ ಹುಟ್ಟಿದ್ದ್."

ಮೂಗಿನಲ್ಲಿ ಕಪಾಟಿನ ಹಾಗೆ ಎರಡು ಬಾಗಿಲು. ಅವು ತೆರೆದರೆ ಒಳಗಿನಿಂದ ಇಳಿಜಾರಾದ ಹಲಗೆಯೊಂದು ಮರಳಿನ ಮೇಲೆ ಚಾಚಿಕೊಳ್ಳುತ್ತದೆ. ಹಡಗಿನ ಹೊಟ್ಟೆ ಉದ್ದಕ್ಕೂ ಒಂದೇ ಟೊಳ್ಳು ಅಂಗಳ. ಅಲ್ಲಿ ಯುದ್ಧದ ಟ್ಯಾಂಕುಗಳು, ಲಾರಿಗಳು ಸಾಲಾಗಿ ನಿಂತಿರುತ್ತವೆ. ಎಂಜಿನ್ನೆಲ್ಲ ಹಿಂದೆ. ಮುಂದಿನ ಭಾಗ ನೀರಿನಲ್ಲಿ ಸ್ವಲ್ಪವೇ ಮುಳುಗುತ್ತದೆ, ಹಿಂಭಾಗ ಹೆಚ್ಚು. ಹಾಗಾಗಿ ಇಳಿಜಾರಾದ ದಡದ ಮೇಲೆ ಅಡಿ ಸರಿಯಾಗಿ ಕೂರುತ್ತದೆ. ದಡ ತಲುಪುವ ಮೊದಲೇ ಹಿಂದಿನಿಂದ ಒಂದು ಲಂಗರು ಬಿಟ್ಟು ಬರಬೇಕು. ಕೆಲಸ ಮುಗಿದ ಮೇಲೆ ಅದರ ಹಗ್ಗವನ್ನೇ ಯಂತ್ರದಿಂದ ಸುತ್ತಿ ಹಡಗು ತನ್ನನ್ನು ತಾನೇ ನೀರಿಗೆ ಎಳೆದುಕೊಳ್ಳುತ್ತದೆ. ಆ ಹಿಂದಿನ ಲಂಗರಿನ ಕೆಲಸ ಇವರದು. ದಡಕ್ಕೆ ಎಷ್ಟೋ ಸಲ ಹೋದರೂ ಎದುರಿನ ಮರಳು ನೋಡಿದ್ದೇ ಇಲ್ಲ, ಹಿಂದೆ ಮುಖ ಮಾಡಿಯೇ ನಿಂತಿದ್ದೆ ಎಂದು ನಗುತ್ತಿದ್ದರು.

ಚಪ್ಪಟೆ ಅಡಿಯಾದ್ದರಿಂದ ಸಮುದ್ರದಲ್ಲಿ ವಿಪರೀತ ಹೊರಳುತ್ತಿತ್ತಂತೆ. ಚಳಿದೇಶವೊಂದರಲ್ಲಿ ಕಟ್ಟಿದ್ದು, ನಮ್ಮ ಸೆಖೆಗೆ ಅದರ ಹೊಟ್ಟೆ ಬ್ರೆಡ್ಡಿನ ಭಟ್ಟಿ. ಮಳೆಗಾಲದಲ್ಲಿ ಅಂಡಮಾನಿಗೆ ಹೋಗುವಾಗ ಕ್ಯಾಪ್ಟನ್ ಕೂಡ ಬಕೆಟ್ ಹಿಡಿದು ಕೂರುತ್ತಿದ್ದರಂತೆ. ಯುದ್ಧಕ್ಕಾಗಿ ಕಟ್ಟಿದ ಆ ಹಡಗು ಇವರ ಕಾಲದಲ್ಲಿ ಹೊತ್ತದ್ದು ಹೆಚ್ಚಾಗಿ ಸಿಮೆಂಟು, ರೋಡ್ ರೋಲರು, ಒಮ್ಮೆ ಒಂದು ದ್ವೀಪದ ಶಾಲೆಗೆ ಬೆಂಚುಗಳು.

ಸುನಾಮಿಯ ವರ್ಷ ಜೆಟ್ಟಿಗಳು ಕೊಚ್ಚಿಹೋಗಿದ್ದ ದ್ವೀಪಗಳಿಗೆ ಇವರ ಹಡಗು ಹೋಯಿತು. ಅದಕ್ಕೆ ಜೆಟ್ಟಿ ಬೇಕಿರಲಿಲ್ಲ. ಬಾಗಿಲು ತೆರೆದು ಅಕ್ಕಿ, ನೀರು ಇಳಿಸಿ ಜನರನ್ನು ಹತ್ತಿಸಿಕೊಂಡರು. ಒಬ್ಬ ಮುದುಕಿ ಕೋಳಿ ಬಿಟ್ಟು ಬರುವುದಿಲ್ಲವೆಂದು ಮರಳಿನಲ್ಲೇ ಕೂತಳಂತೆ. ಇವರು ಮುದುಕಿಯನ್ನು ಒಂದು ಕೈಯಲ್ಲಿ, ಕೋಳಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹತ್ತಿಸಿದರು. ಆಮೇಲೆ ಹಡಗಿನ ಲಾಗ್ ಬುಕ್ಕಿಗೆಂದು ಪಟ್ಟಿ ಬರೆಯುವಾಗ ಜನರ ಸಂಖ್ಯೆಯ ಕೆಳಗೆ 'ಕೋಳಿ ಒಂದು' ಎಂದೂ ಬರೆದರು. ಅಧಿಕಾರಿ ಬೈದರಂತೆ.

"ಹತ್ತಿದ್ದ್ ಹೌದಲ್ದಾ? ಹತ್ತಿದ್ದ್ ಬರೀದೆ ಬಿಡೂಕಾತ್ತಾ?" ಎಂದು ಇವರ ವಾದ.

ನೌಕರಿ ಬಿಟ್ಟ ಮೇಲೆ ಠಾಣೆ ಶಹರದ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್ ಆದರು. ವರ್ತಕ ನಗರದಲ್ಲಿ ಎರಡನೆಯ ಮಹಡಿಯ ಮನೆ: ಒಂದು ಹಾಲು, ಒಂದು ಬೆಡ್‌ರೂಮು, ಅಡುಗೆಮನೆ. ಅಲ್ಲೂ ಲಾಗ್ ನಡೆಯಿತು. ನಲ್ಲಿಯಲ್ಲಿ ನೀರು ಬಂದ ಹೊತ್ತು, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಅಶ್ವಿನಿಯ ಜ್ವರ, ನನ್ನ ಬಿಪಿ, ಎಲ್ಲ ನೋಟ್‌ಬುಕ್ಕಿನಲ್ಲಿ. ನಮ್ಮಿಬ್ಬರಲ್ಲಿ ಮಾತಿಗೆ ಮಾತು ಬಂದರೆ ನೋಟ್‌ಬುಕ್ ತೆಗೆಯುತ್ತಿದ್ದರು. ಅದರಲ್ಲಿದ್ದದ್ದೇ ತೀರ್ಮಾನ. ಹೆಚ್ಚಿನ ಸಲ ನಾನೇ ತಪ್ಪಿರುತ್ತಿದ್ದೆ. ಅವರು ತಪ್ಪಿದ್ದಾಗಲೂ ಪುಟ ನೋಡಿ, "ನಿಂದೇ ಸರಿ," ಎಂದು ಒಪ್ಪುತ್ತಿದ್ದರು. ಹದಿನೈದು ವರ್ಷ ಹೀಗೆ ಬದುಕಿದ ಮೇಲೆ ನಾನು ನನ್ನ ಕಣ್ಣಿಗಿಂತ ಆ ನೋಟ್‌ಬುಕ್ಕನ್ನು ಹೆಚ್ಚು ನಂಬುತ್ತಿದ್ದೆ.

ಕೊರೊನಾದ ಎರಡನೆಯ ಅಲೆಯ ಏಪ್ರಿಲ್ ಬಂತು. ಠಾಣೆಯ ಏಪ್ರಿಲ್ ಗೊತ್ತಲ್ಲ, ಬೆಳಗಿನ ಏಳಕ್ಕೇ ಗೋಡೆ ಬಿಸಿ. ಆ ವರ್ಷ ಅದರ ಜೊತೆಗೆ ಆಂಬುಲೆನ್ಸಿನ ಕೂಗು. ಮೊದಲು ನನಗೆ ಜ್ವರ ಬಂತು, ಎರಡು ದಿನದ ನಂತರ ಇವರಿಗೆ. ಇಬ್ಬರಿಗೂ ಪಾಸಿಟಿವ್. ಕಟ್ಟಡದ ಸೊಸೈಟಿಯವರು ನಮ್ಮ ಮಹಡಿಗೆ ಹಗ್ಗ ಕಟ್ಟಿದರು. ಅಶ್ವಿನಿ ಡೊಂಬಿವಲಿಯಲ್ಲಿ ಏಳು ತಿಂಗಳ ಬಸುರಿ. ಬರುತ್ತೇನೆಂದು ಅಳುತ್ತಿದ್ದಳು. "ನೀ ಬಂದ್ರೆ ಬಾಗ್ಲೇ ತೆಗೂದಿಲ್ಲ," ಎಂದು ಇವರು ಗದರಿದರು. ಆ ಮಗು ಉಳಿಯಲಿಲ್ಲ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಡಾಕ್ಟರು ಫೋನಿನಲ್ಲೇ ಔಷಧ ಹೇಳಿದರು. ಬೆರಳಿಗೆ ಹಚ್ಚಿ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ತರಿಸಿ, ತೊಂಬತ್ತನಾಲ್ಕಕ್ಕಿಂತ ಕೆಳಗೆ ಹೋದರೆ ತಿಳಿಸಿ ಎಂದರು. ಮೂರನೆಯ ದಿನ ನನ್ನದು ತೊಂಬತ್ತಕ್ಕೆ ಬಂತು. ಎಲ್ಲೂ ಬೆಡ್ ಇರಲಿಲ್ಲ. ಠಾಣೆಯಲ್ಲಿ, ಕಲ್ಯಾಣದಲ್ಲಿ, ವಾಶಿಯಲ್ಲಿ, ಅಶ್ವಿನಿ ಮತ್ತು ಅವಳ ಗಂಡ ಬೆಳಗಿನಿಂದ ಫೋನ್ ಹಿಡಿದು ಕೂತರೂ ಎಲ್ಲ ಕಡೆ ಒಂದೇ ಉತ್ತರ.

ಆಕ್ಸಿಜನ್ ಸಿಲಿಂಡರ್ ತಂದದ್ದು ಬಾಬಣ್ಣ. ವಾಗ್ಳೆ ಎಸ್ಟೇಟಿನಲ್ಲಿ ಸಣ್ಣ ಹೋಟೆಲು ನಡೆಸುವ ಉಡುಪಿ ಕಡೆಯವರು. ಇವರಿಗೆ ದಿನಾ ಸಂಜೆಯ ಚಹಾದ ಗೆಳೆಯ. ಸೊಂಟದೆತ್ತರದ ಕಪ್ಪು ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಎರಡು ಮಹಡಿ ಹತ್ತಿ, ಹಗ್ಗದಾಚೆ ಇಳಿಸಿ, ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಎಲ್ಲಿ ಸಿಕ್ತು ಬಾಬಣ್ಣ?" ಎಂದು ಒಳಗಿನಿಂದ ಕೇಳಿದೆ.

"ಸಿಕ್ಕಿತು ಅಕ್ಕ. ಕೇಳ್ಬೇಡಿ. ಕೊಟ್ಟವರ ಅಮ್ಮನಿಗೆ ಇನ್ನು ಬೇಡವಂತೆ," ಎಂದರು. ಆಮೇಲೆ ಬೆವರು ಒರೆಸಿಕೊಂಡು, "ಒಂದೇ ಸಿಕ್ಕಿದ್ದು ಮಾರಾಯ್ರೆ," ಎಂದರು.

ಆ ಗಳಿಗೆಯಿಂದ ಇವರು ಮನೆಯನ್ನು ಹಡಗು ಮಾಡಿದರು. ನಾನು ಬೆಡ್‌ರೂಮಿನಲ್ಲಿ, ಇವರು ಹಾಲಿನಲ್ಲಿ, ನಡುವೆ ಅರ್ಧ ತೆರೆದ ಬಾಗಿಲು. ನಾಲ್ಕು ಗಂಟೆಗೊಮ್ಮೆ ಆಕ್ಸಿಮೀಟರ್. ಮೊದಲು ಒಳಗೆ ಬಂದು ನನ್ನ ಬೆರಳಿಗೆ ಹಚ್ಚುವರು, ಆಮೇಲೆ ಹಾಲಿಗೆ ಹೋಗಿ ತಮ್ಮದು ನೋಡಿಕೊಳ್ಳುವರು. ಗಟ್ಟಿಯಾಗಿ ಓದಿ, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುವರು. ನನ್ನದು 90, 89, 89. ಇವರದು 96, 95, 96.

ಸಿಲಿಂಡರ್ ಯಾರಿಗೆ ಎಂಬುದು ಪ್ರಶ್ನೆಯೇ ಆಗಲಿಲ್ಲ. ನೋಟ್‌ಬುಕ್ ಹೇಳುತ್ತಿತ್ತು.

"ಕವುಂಚಿ ಮನಿಕೊ. ಉಸಿರ್ ಕೆಳಗ್‌ವರೆಗೂ ಎಳಿ. ಹಾಂ, ಹಾಂಗೆ," ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಗಂಜಿ ಅವರೇ ಬೇಯಿಸಿದರು. ಉಪ್ಪು ಹೆಚ್ಚಾಗಿತ್ತು. ನನಗೆ ರುಚಿ ತಿಳಿಯುತ್ತಿರಲಿಲ್ಲ, ಅವರಿಗೂ ತಿಳಿಯುತ್ತಿರಲಿಲ್ಲ. ಬಾಬಣ್ಣನಿಗೆ ಒಂದು ಲೋಟ ಕೊಟ್ಟಾಗ ಅವರು ಕೂಗಿದ್ದರಿಂದ ಗೊತ್ತಾಯಿತು. "ಸಮುದ್ರದ ನೀರು ಬೇಯಿಸಿದ್ದಾ ಮಾರಾಯ್ರೆ? ನೇವಿ ಬಿಟ್ಟು ಎಷ್ಟು ವರ್ಷ ಆಯ್ತು!" ಇವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಮರುದಿನದಿಂದ ಇವರು ಕುರ್ಚಿಯ ಮೇಲೆ ಹಿಂದುಮುಂದಾಗಿ ಕೂರತೊಡಗಿದರು. ಎದೆಯನ್ನು ಕುರ್ಚಿಯ ಬೆನ್ನಿಗೆ ಒರಗಿಸಿ, ಕೈ ಕೆಳಗೆ ಇಳಿಬಿಟ್ಟು.

"ಹ್ವಾಯ್, ಎಂತಕೆ ಹೀಂಗೆ ಕೂಕಂಡದ್ದ್?" ಎಂದು ಮಲಗಿದಲ್ಲಿಂದಲೇ ಕೇಳಿದೆ.

"ಹಡ್ಗ್ ಹೊರಳುವಾಗ ಹೀಂಗೇ ನಿದ್ರಿ ಮಾಡೂದ್. ಅಭ್ಯಾಸ."

ಮಾತು ಕಡಿಮೆಯಾಯಿತು. ಎರಡು ಶಬ್ದ, ಒಂದು ನಿಲುಗಡೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ತುಟಿಯ ಬಣ್ಣ ಬೇರೆಯಾಗಿ ಕಂಡಿತು. ಒಂದು ಮಧ್ಯಾಹ್ನ ಧೈರ್ಯ ಮಾಡಿ, "ನನ್ನೆದುರಿಗೆ ಬೆರಳಿಗೆ ಹಾಕಿ ತೋರ್ಸಿ," ಎಂದೆ. ಅವರು ನನ್ನನ್ನೇ ನೋಡಿದರು. ನೋಟ್‌ಬುಕ್ ಎತ್ತಿ ಹಿಡಿದರು.

"ಲಾಗ್ ಇತ್ತಲ್ದಾ ಸುಮತಿ. ನಂಬುಕೆ ಆತ್ತಿಲ್ಯಾ?"

ನನಗೆ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಲಾಗನ್ನು ಅನುಮಾನಿಸುವುದೆಂದರೆ ಅವರ ಮುಖಕ್ಕೆ ಸುಳ್ಳುಗಾರ ಎಂದ ಹಾಗೆ. ಬೇರೆ ಯಾವ ಮನೆಯ ಹೆಂಗಸಾದರೂ ಎದ್ದು ಹೋಗಿ ಆ ಬೆರಳು ಹಿಡಿದು ನೋಡುತ್ತಿದ್ದಳು. ನಾನು ಮಗ್ಗುಲಾದೆ.

ಟಿವಿಯಲ್ಲಿ ಆ ಹಡಗಿನ ಸುದ್ದಿ ಬಂದದ್ದು ಅದೇ ಸಂಜೆ. ಗಲ್ಫಿನ ಒಂದು ಬಂದರಿನಿಂದ ಆಕ್ಸಿಜನ್ ಟ್ಯಾಂಕರುಗಳನ್ನು ಹೊತ್ತು ನಮ್ಮ ನೌಕಾಪಡೆಯ ಹಡಗೊಂದು ಮಂಗಳೂರಿಗೆ ಹೊರಟಿದೆ ಎಂದರು. ಪರದೆಯಲ್ಲಿ ಅದರ ಮೂಗು ಕಾಣಿಸಿತು, ಬಾಗಿಲು, ಅಗಲ ಹೊಟ್ಟೆ. ಇವರು ಕುರ್ಚಿಯಿಂದ ಎದ್ದೇ ನಿಂತರು.

"ಹೆಣೆ! ಕಾಣ್! ನಮ್ದೇ ಜಾತಿ! ನನ್ ಹಡ್ಗಿನ ತಂಗಿ!"

ಇವರ ಹಡಗು ಆಗಲೇ ಇರಲಿಲ್ಲ. ಸೇವೆಯಿಂದ ಇಳಿಸಿದ ದಿನ ಇವರು ಸಮಾರಂಭಕ್ಕೆ ಹೋಗಿದ್ದರು. ಸೂರ್ಯ ಮುಳುಗುವಾಗ ಬಾವುಟ ಇಳಿಸಿ ಮಡಚಿ ಕೊಟ್ಟರಂತೆ. ಮನೆಗೆ ಬಂದು ಊಟ ಮಾಡದೆ ಮಲಗಿದ್ದರು. ಆಮೇಲೆ ಅದನ್ನು ಒಡೆಯಲು ಕಳಿಸಿದರೆಂದು ಯಾರೋ ಹೇಳಿದಾಗ, ಯಾವ ಊರಿನಲ್ಲಿ ಎಂದು ಕೂಡ ಕೇಳಲಿಲ್ಲ. ಈಗ ಅದೇ ಆಕಾರದ ಹೊಸ ಹಡಗು ಟಿವಿಯಲ್ಲಿ ಬರುತ್ತಿತ್ತು. ಅದರ ಹೊಟ್ಟೆಯಲ್ಲಿ ನಮಗೆ ಬೇಕಾದದ್ದೇ ಇತ್ತು.

"ಮಂಗಳೂರಿಗಂತೆ," ಎಂದೆ. "ನಮ್ಗೆ ಬಪ್ಪುದಲ್ಲ."

"ಎಲ್ಲಿಗ್ ಬಂದ್ರೆ ಎಂತ? ಅಲ್ಲಿಗ್ ಬಂದ್ರೆ... ಅಲ್ಲಿಗ್ ಹೋಪು ಆಕ್ಸಿಜನ್... ಇಲ್ಲಿಗ್ ತಿರಗ್ತ್." ಇಷ್ಟು ಹೇಳಲು ಎರಡು ಸಲ ನಿಲ್ಲಿಸಿದರು. ಆಮೇಲೆ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದರು. ಹೊರ್ಮುಜ್ ಜಲಸಂಧಿ ದಾಟುವುದು ಇಂಥ ದಿನ, ತೆರೆದ ಸಮುದ್ರ ಇಷ್ಟು ದಿನ. "ಐದ್ ದಿನ. ಐದೇ ದಿನ ತಡ್ಕೊ ಸುಮತಿ. ಸಿಲಿಂಡರ್ ಬಾಬಣ್ಣ ತುಂಬ್ಸಿ ಕೊಡ್ತ್ರ್. ಐದ್ ದಿನ ಸಾಕ್."

ನನಗೂ ಹಾಗೇ ಅನ್ನಿಸತೊಡಗಿತು. ಕವುಚಿ ಮಲಗಿ ಉಸಿರು ಎಣಿಸುವಾಗ ಕಣ್ಣು ಮುಚ್ಚಿ ಆ ಹಡಗನ್ನೇ ನೋಡುತ್ತಿದ್ದೆ. ಬೆಳಿಗ್ಗೆ ಎದ್ದೊಡನೆ, "ಎಲ್ಲಿಗ್ ಬಂತ್?" ಎಂದು ಕೇಳುತ್ತಿದ್ದೆ. "ಇಪ್ಪತ್ ಗಂಟಿ ಹಾದಿ ಸವೆಸಿತ್," ಎಂದು ಹಾಲಿನಿಂದ ಉತ್ತರ ಬರುತ್ತಿತ್ತು. ಆ ಉತ್ತರದ ಧ್ವನಿ ಎಷ್ಟು ತೆಳ್ಳಗಾಗಿದೆ ಎಂದು ನಾನು ಕೇಳಿಸಿಕೊಳ್ಳಲಿಲ್ಲ. ಹಡಗಿನ ಸುದ್ದಿ ಮಾತ್ರ ಕೇಳಿಸಿಕೊಂಡೆ.

ಹಡಗಿನ ಸುದ್ದಿ ಬಂದ ಎರಡನೆಯ ದಿನ, ಬೆಳಗಿನ ಹತ್ತರ ಹೊತ್ತಿಗೆ ಅಶ್ವಿನಿಯ ಫೋನ್ ಬಂತು. ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ಒಂದು ಬೆಡ್ ಖಾಲಿಯಾಗಿತ್ತು. ಅರ್ಧ ಗಂಟೆಯಲ್ಲಿ ಹೆಸರು ಹೇಳಬೇಕು, ಇಲ್ಲದಿದ್ದರೆ ಮುಂದಿನವರಿಗೆ.

"ಪಪ್ಪಾ, ಏಕ್ ಹೀ ಬೆಡ್ ಹೈ," ಎಂದಳು. ಸ್ಪೀಕರಿನಲ್ಲಿ ಅವಳ ಉಸಿರೂ ಕೇಳಿಸುತ್ತಿತ್ತು. "ಮೈ ಕಿಸ್ಕಾ ನಾಮ್ ದೂಂ? ನಂಬರ್ ಬತಾವೋ. ದೋನೋ ಕಾ. ಸಚ್ ಬತಾನಾ ಪಪ್ಪಾ."

ಇವರು ನೋಟ್‌ಬುಕ್ ಹತ್ತಿರ ಹಿಡಿದು ಓದಿದರು. "ಮಮ್ಮಿ, ಎಂಬತ್ತೆಂಟು. ನಾನು, ತೊಂಬತ್ತೈದು."

"ಪಕ್ಕಾ?"

"ಲಾಗ್ ಇದೆ ಮಗಾ."

ಅವಳು ನನ್ನ ಹೆಸರು ಕೊಟ್ಟಳು.

ಆಂಬುಲೆನ್ಸ್ ಹನ್ನೊಂದೂವರೆಗೆ ಬಂತು. ಅದರಲ್ಲಿ ಆಕ್ಸಿಜನ್ ಇರಲಿಲ್ಲ. ಡ್ರೈವರ್, ಪಾಪ, ಕೈಮುಗಿದ. "ಸಕಾಳ್‌ಪಾಸೂನ್ ಸಂಪ್ಲಾಯ್ ಕಾಕಾ," ಎಂದ. ಬೆಳಿಗ್ಗೆಯೇ ಮುಗಿದಿತ್ತು. ಕಲ್ಯಾಣದ ದಾರಿ ಎಷ್ಟು ಹೊತ್ತಾಗುವುದೋ ಯಾರಿಗೂ ತಿಳಿಯದು. ಇವರು ಒಳಗೆ ಬಂದು ನನ್ನ ತಲೆದೆಸೆಯ ಸಿಲಿಂಡರಿನ ಪಟ್ಟಿ ಬಿಚ್ಚಿದರು.

"ಇದ್ ನಿಮ್ಗೆ ಇರ್ಲಿ," ಎಂದೆ. "ನಂಗೆ ಅಲ್ಲಿ ಸಿಕ್ಕತ್ತ್."

"ದಾರಿಯಂಗೆ ಎಂತ ಮಾಡ್ತೆ? ನಂಗೆ ತೊಂಬತ್ತೈದಿತ್ತ್. ನಂಗೆಂತಕೆ ಇದ್?"

"ಹ್ವಾಯ್..."

"ಹೆಂಗಸ್ರ್ ಮೊದ್ಲ್ ಹತ್ತೂದ್. ಗಂಡಸ್ರ್ ಕಡೀಗೆ. ಹಡ್ಗಿನ ರೂಲು." ಉಸಿರು ತೆಗೆದುಕೊಂಡು ಮತ್ತೆ ಹೇಳಿದರು. "ಕೋಳಿ ಇದ್ರೆ ಅದ್ನೂ ತಕಂಡ್ ಹೋಗ್."

ನಾನು ನಕ್ಕೆ. ಅದನ್ನು ಬರೆಯಲು ಕೈ ಬರುವುದಿಲ್ಲ, ಆದರೆ ನಕ್ಕೆ. ಬಾಬಣ್ಣ, ಆಂಬುಲೆನ್ಸಿನವನು ಸೇರಿ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸಿಲಿಂಡರಿನ ಸಮೇತ ಇಳಿಸಿದರು. ತಿರುವಿನಲ್ಲಿ ತಲೆಯೆತ್ತಿ ನೋಡಿದಾಗ ಇವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎರಡೂ ಕೈಯಲ್ಲಿ ಹಿಡಿದಿದ್ದರು.

ಮರುದಿನ ಮಧ್ಯಾಹ್ನ ಬಾಬಣ್ಣ ಊಟದ ಡಬ್ಬಾ ತಂದಾಗ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಇವರು ಕುರ್ಚಿಯ ಮೇಲೆ ಹಾಗೇ ಹಿಂದುಮುಂದಾಗಿ ಕೂತು, ಬೆನ್ನಿಗೆ ಒರಗಿದ್ದರು. ನಿದ್ದೆ ಎಂದುಕೊಂಡು ಬಾಬಣ್ಣ ಡಬ್ಬಾ ಇಟ್ಟು ಹೊರಗೆ ಬಂದರಂತೆ. ಅರ್ಧ ಮೆಟ್ಟಿಲು ಇಳಿದ ಮೇಲೆ ಏನೋ ಅನ್ನಿಸಿ ತಿರುಗಿ ಹತ್ತಿದರಂತೆ.

ಇವರು ಹೋದದ್ದನ್ನು ನನಗೆ ಹನ್ನೆರಡನೆಯ ದಿನ ಹೇಳಿದರು. ಅಲ್ಲಿಯವರೆಗೆ ಅಶ್ವಿನಿ ದಿನಾ ಫೋನಿನಲ್ಲಿ, "ಪಪ್ಪಾ ಸೋ ರಹೇ ಹೈ," ಎನ್ನುತ್ತಿದ್ದಳು. ಆ ಹಡಗು ಮಂಗಳೂರು ಮುಟ್ಟಿದ್ದನ್ನು ನಾನು ಆಸ್ಪತ್ರೆಯ ಟಿವಿಯಲ್ಲಿ ನೋಡಿದೆ. ಇವರು ಲೆಕ್ಕ ಹಾಕಿದ ದಿನವೇ ಬಂದಿತ್ತು. ಪಕ್ಕದ ಬೆಡ್ಡಿನ ಹೆಂಗಸಿಗೆ, "ನಮ್ಮವರು ಇಂಥದೇ ಹಡಗಿನಲ್ಲಿದ್ದರು," ಎಂದು ಹೆಮ್ಮೆಯಿಂದ ಹೇಳಿದೆ. ಆಗ ಇವರು ಹೋಗಿ ಎರಡು ದಿನವಾಗಿತ್ತು.

ಹಠಾತ್ತಾಗಿ ಹೃದಯ ನಿಂತಿರಬೇಕೆಂದು ಎಲ್ಲರೂ ಅಂದರು. ಅಂಕಿ ಅಷ್ಟು ಚೆನ್ನಾಗಿತ್ತಲ್ಲ, ಮತ್ತೆ ಬೇರೇನು? ಅಶ್ವಿನಿಯೂ ಅದನ್ನೇ ಹಿಡಿದುಕೊಂಡಳು. ಪ್ರತಿ ವರ್ಷ ಆ ದಿನ ಫೋನ್ ಮಾಡುತ್ತಾಳೆ. ನನ್ನ ಬಿಪಿ ವಿಚಾರಿಸಿದ ಮೇಲೆ ಕೇಳುತ್ತಾಳೆ: "ನಂಬರ್ ತೋ ಬರೋಬರ್ ಥೇ ನಾ, ಮಮ್ಮಿ?"

"ಬರೋಬರ್ ಇತ್ತು ಮಗಾ," ಎನ್ನುತ್ತೇನೆ. ಆಗ ಅವಳು ಉಸಿರು ಬಿಡುವುದು ಕೇಳಿಸುತ್ತದೆ. ಒಂದು ಬೆಡ್ಡಿಗೆ ಎರಡು ಹೆಸರಿನಲ್ಲಿ ಒಂದನ್ನು ಕೊಟ್ಟವಳು ಅವಳು. ಅಂಕಿ ನೋಡಿ ಕೊಟ್ಟೆ ಎಂಬುದೊಂದೇ ಅವಳಿಗೆ ಇರುವ ಆಸರೆ.

ಆ ಪುಟಗಳು ನನಗೆ ಸಿಕ್ಕಿದ್ದು ಜೂನಿನಲ್ಲಿ, ಮಳೆ ಹಿಡಿದ ಮೇಲೆ. ಗ್ಯಾಸಿನವನ ನಂಬರು ಹುಡುಕಲು ನೋಟ್‌ಬುಕ್ ತೆಗೆದೆ. ಕೈಜಾರಿ ಬಿದ್ದು ಹಿಂದಿನಿಂದ ತೆರೆದುಕೊಂಡಿತು. ಅಲ್ಲಿಯೂ ಸಾಲುಗಳಿದ್ದವು. ತಾರೀಕು, ಹೊತ್ತು, ಅದರ ಮುಂದೆ ಒಂದೇ ಅಂಕಿ. ಎಲ್ಲ ಕನ್ನಡದಲ್ಲಿ. ಇವರು ಕನ್ನಡದ ಅಂಕಿ ಬರೆದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ೮೯. ೮೮. ೮೮. ೮೬. ೮೫. ಒಂದೊಂದು ಸಾಲಿಗೂ ಬರಹ ಓರೆಯಾಗುತ್ತ ಹೋಗಿದೆ. ಕಲ್ಯಾಣಕ್ಕೆ ನನ್ನ ಹೆಸರು ಕೊಟ್ಟ ಬೆಳಗಿನ ಹೊತ್ತನ್ನು ನೋಟ್‌ಬುಕ್ಕಿನ ಮುಂಭಾಗದ ಪುಟದಲ್ಲಿ ಹುಡುಕಿ ಪಕ್ಕದಲ್ಲಿಟ್ಟು ನೋಡಿದೆ. ಮುಂದೆ ಇವರದು 95. ಹಿಂದೆ ೮೩. ನಾನು ಹೋದ ಮೇಲೆ ಎರಡು ಸಾಲು: ೮೧, ೮೦. ಕೊನೆಯ ಸಾಲಿನಲ್ಲಿ ಗಂಟೆ ಮಾತ್ರ ಇದೆ, ಅಂಕಿ ಇಲ್ಲ.

ಸುಳ್ಳು ಬರೆದರು, ಆದರೆ ನಿಜವನ್ನು ಬರೆಯದೆ ಇರಲೂ ಅವರಿಂದ ಆಗಲಿಲ್ಲ. ಅಶ್ವಿನಿ ಇಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡ ಕೇಳಿದರೆ ತಿಳಿಯುತ್ತದೆ. ಒಂದಕ್ಷರ ಓದಲು ಬರುವುದಿಲ್ಲ. ಕಲಿಸುತ್ತೇನೆ ಎನ್ನುತ್ತಲೇ ನಾನು ವರ್ಷಗಳನ್ನು ಕಳೆದೆ. ಆ ಮನೆಯಲ್ಲಿ ಕನ್ನಡ ಓದುತ್ತಿದ್ದವರು ನಾವಿಬ್ಬರೇ. ಅವರು ಹೋದ ಮೇಲೆ ಓದಲು ಉಳಿಯುವವಳು ನಾನೊಬ್ಬಳೇ ಎಂದು ಅವರಿಗೆ ಗೊತ್ತಿತ್ತು. ಅದನ್ನು ಎಷ್ಟು ಸಲ ಯೋಚಿಸಿದರೂ, ನನಗೆ ಹೇಳಿ ಹೋದರೋ, ಶಿಕ್ಷೆ ಕೊಟ್ಟು ಹೋದರೋ ತಿಳಿಯುವುದಿಲ್ಲ. ಕೆಲವು ದಿನ ಅವರ ಮೇಲೆ ಎಷ್ಟು ಸಿಟ್ಟು ಬರುತ್ತದೆಂದರೆ ಆ ಕುರ್ಚಿಯನ್ನು ಬಿಸಾಡಿದ್ದೇನೆ. ಕೆಳಗೆ ಹೋಗಿ ಮತ್ತೆ ತಂದಿದ್ದೇನೆ.

ಐರೋಲಿಯಲ್ಲಿ ಅಶ್ವಿನಿ ಬಾಗಿಲಲ್ಲೇ ಕಾಯುತ್ತಿದ್ದಳು. ಚಹಾ ಕೊಡುವ ಮೊದಲೇ ಕೈ ಚಾಚಿದಳು. ನೋಟ್‌ಬುಕ್ ಕೊಟ್ಟೆ. ಚಿತ್ರದ ಮೇಲೆ ಬೆರಳಾಡಿಸಿದಳು. ಬಾಗಿಲು, ಹೊಟ್ಟೆ, ಹಿಂದಿನ ಲಂಗರು. ಆಮೇಲೆ ಪುಟ ತಿರುವುತ್ತ ಏಪ್ರಿಲಿಗೆ ಬಂದಳು. 96, 95, 96. ತುಟಿಯಲ್ಲೇ ಓದಿಕೊಂಡಳು. ತಲೆಯಾಡಿಸಿದಳು. ಮುಚ್ಚುತ್ತಾಳೆ ಎಂದುಕೊಂಡೆ. ತಿರುಗಿಸಿ ಹಿಂದಿನಿಂದ ತೆರೆದಳು.

"ಯೇ ಕ್ಯಾ ಹೈ, ಮಮ್ಮಿ? ಕನ್ನಡಾ ಮೇ ಹೈ?"

ಬಸ್ಸಿನಲ್ಲಿ ಯಾವ ಉತ್ತರವನ್ನೂ ಸಿದ್ಧಮಾಡಿಕೊಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ಅದು ಆ ಆಕ್ಸಿಜನ್ ಹಡಗಿನದು. ದಿನಾ ಇನ್ನೆಷ್ಟು ದೂರ ಉಳಿದಿದೆ ಅಂತ ಬರೆದಿಟ್ಟಿದ್ದರು."

ಅವಳು ಸಾಲುಗಳನ್ನು ನೋಡಿದಳು. ಒಂದೆರಡು ಅಂಕಿ ಮರಾಠಿಯ ಹಾಗೆ ಕಂಡರೂ ಉಳಿದವು ಅವಳಿಗೆ ಬಳ್ಳಿಯ ಸುತ್ತುಗಳು. "ಪಪ್ಪಾ ಭೀ ನಾ," ಎಂದಳು. ನಕ್ಕಳು, ಕಣ್ಣೊರೆಸಿಕೊಂಡಳು. "ಖುದ್ ಬೀಮಾರ್, ಔರ್ ಜಹಾಜ್ ಕಾ ಹಿಸಾಬ್." ಆಮೇಲೆ ಎದ್ದು ಹೋಗಿ ಒಂದು ಹಾಳೆ, ಪೆನ್ಸಿಲ್ ತಂದು ನನ್ನ ಪಕ್ಕದಲ್ಲಿ ಕೂತಳು.

"ಸಿಖಾವೋ ನಾ ಮಮ್ಮಿ. ಪಪ್ಪಾ ನೇ ಲಿಖಾ ಹೈ, ಔರ್ ಮೈ ಪಢ್ ಭೀ ನಹೀ ಸಕ್ತೀ. ಸಿರ್ಫ್ ನಂಬರ್ ಸಿಖಾ ದೋ."

ಇಷ್ಟು ವರ್ಷದಲ್ಲಿ ಅವಳು ಕನ್ನಡ ಕಲಿಸು ಎಂದು ಕೇಳಿದ್ದು ಅದೇ ಮೊದಲು. ಅವಳ ಕೈ ಹಿಡಿದು ಒಂದು ಬರೆಸಿದೆ. ಎರಡು. ಮೂರು ತಲೆಕೆಳಗಾಯಿತು, ಅಳಿಸಿ ಮತ್ತೆ ಬರೆಸಿದೆ. ನಾಲ್ಕು, ಐದು. ಆರು, ಏಳು. ಏಳು ಅವಳಿಗೆ ಬೇಗ ಬಂತು.

"ಆಗೇ?" ಎಂದು ಪೆನ್ಸಿಲ್ ಎತ್ತಿ ಹಿಡಿದಳು.

"ಇವತ್ತಿಗೆ ಸಾಕು," ಎಂದೆ. "ಮೊದಲು ಇಷ್ಟು ಬಾಯಿಪಾಠ ಆಗಲಿ."

ನೋಟ್‌ಬುಕ್ ಅವಳ ಮನೆಯಲ್ಲೇ ಇದೆ. ಚಿತ್ರವನ್ನು ಬಿಡಿಸಿ ತೆಗೆಯಲು ಅವಳಿಗೆ ಮನಸ್ಸಾಗದೆ, ಇಡೀ ಪುಸ್ತಕವನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾಳಂತೆ. ಉಳಿದ ಅಂಕಿಗಳನ್ನು ಮೊಬೈಲಿನಲ್ಲಿ ಹುಡುಕಿದರೆ ಒಂದು ನಿಮಿಷದ ಕೆಲಸ. ಅವಳು ಹುಡುಕಿಲ್ಲ. ಅಮ್ಮನಿಂದಲೇ ಕಲಿಯಬೇಕಂತೆ. ಭಾನುವಾರ ಬೆಳಿಗ್ಗೆ ಫೋನ್ ಬರುತ್ತದೆ. ಒಂದರಿಂದ ಏಳರವರೆಗೆ ಕನ್ನಡದಲ್ಲಿ ಬರೆಯುತ್ತ, ತಪ್ಪಿಲ್ಲದೆ ಹೇಳುತ್ತಾಳೆ. ಹೇಳಿ ಮುಗಿಸಿ ಕೇಳುತ್ತಾಳೆ:

"ಮಮ್ಮಿ, ಆಠ್ ಕಬ್ ಸಿಖಾವೋಗೀ?"